ಹೂಳುವ ಜೀರುಂಡೆ: ಹಿಡಿದು ಸಾಗಿಸಬೇಕೇ, ದಾರಿ ಬದಲಿಸಬೇಕೇ?

ಅಮೆರಿಕದ ನೆಬ್ರಾಸ್ಕಾದಲ್ಲಿ ಕೀಸ್ಟೋನ್ ಎಕ್ಸ್‌ಎಲ್ ತೈಲ ಕೊಳವೆ ಮಾರ್ಗದ ಮಾತು ಬಂದಾಗ, 1989ರಿಂದ ಅಳಿವಿನಂಚಿನ ಪಟ್ಟಿಯಲ್ಲಿದ್ದ ಅಮೆರಿಕನ್ ಹೂಳುವ ಜೀರುಂಡೆಯ (ಸತ್ತ ಸಣ್ಣ ಪ್ರಾಣಿಗಳನ್ನು ಮಣ್ಣಲ್ಲಿ ಹೂತು ಮರಿಗಳಿಗೆ ಉಣಿಸುವ ಹುಳು) ಪ್ರಶ್ನೆಯೂ ಎದ್ದಿತು: ಕೊಳವೆಗಾಗಿ ಅದರ ನೆಲ ಅಗೆಯುವಾಗ ಅದನ್ನು ಉಳಿಸುವುದು ಹೇಗೆ? (2020ರಲ್ಲಿ ಅದರ ರಕ್ಷಣಾ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಲಾಯಿತು.)

ಹಿಡಿದು ಸಾಗಿಸುವುದು: ಕೊಳೆತ ಮಾಂಸದ ವಾಸನೆಗೆ ಬರುವ ಹುಳುಗಳನ್ನು ಗುಂಡಿಬಲೆಯಲ್ಲಿ ಹಿಡಿದು ದೂರ ಬಿಡುತ್ತಾರೆ. ಮಾರ್ಗ ಬದಲಾಗಬೇಕಿಲ್ಲ. ಆದರೆ ಇದು ಬೆಚ್ಚಗಿನ ರಾತ್ರಿಗಳಲ್ಲಷ್ಟೇ ಸಾಧ್ಯ. ಚಳಿಗಾಲದಲ್ಲಿ ಅವು ಮಣ್ಣಿನಡಿ ಮಲಗಿರುತ್ತವೆ. ಬಲೆಗೆ ಸಿಗದವನ್ನು ಅಗೆಯುವ ಯಂತ್ರ ಕೊಲ್ಲುತ್ತದೆ. ಹೂತಿಟ್ಟ ಹಕ್ಕಿ, ಇಲಿಗಳ ಹೆಣದ ಬಳಿ ಮರಿಹುಳುಗಳಿಗೆ ಉಣಿಸುತ್ತಿರುವ ತಂದೆತಾಯಿಗಳಂತೂ ಬಲೆಯತ್ತ ಬರುವುದು ಕಷ್ಟ.

ದಾರಿ ಬದಲಿಸುವುದು: ಖರ್ಚು ಹೆಚ್ಚಬಹುದು. ಆದರೆ ಹುಳುವಿನ ಜೊತೆ ಅದರ ನೆಲವೂ ಉಳಿಯುತ್ತದೆ. ಹುಳು ಹೆಚ್ಚಿರುವ ಕಡೆ ನಾನು ಇದನ್ನೇ ಆರಿಸುತ್ತೇನೆ. ಬಲೆಯನ್ನು ಹುಳು ಕಡಿಮೆ ಇರುವ ಅಂಚಿನ ತುಣುಕು ನೆಲಕ್ಕೆ ಮಾತ್ರ ಒಪ್ಪುತ್ತೇನೆ.