ಮಳೆಗಾಲಕ್ಕೆ ನಿಂಜಾಗಳು: ರಿಫ್‌ಟ್ರ್ಯಾಕ್ಸ್‌ನ ‘ಮಯಾಮಿ ಕನೆಕ್ಷನ್’, ಹಲವು ಮಳೆಗಾಲ ಕಂಡ ಮೇಲೆ

ಇದು ‘ಮಯಾಮಿ ಕನೆಕ್ಷನ್’ ಎಂಬ ಸಿನಿಮಾದ ವಿಮರ್ಶೆ ಅಲ್ಲ. ಸಿನಿಮಾ ಕೆಟ್ಟದ್ದು, ಅದರಲ್ಲಿ ತಕರಾರಿಲ್ಲ. ಆ ಕೆಟ್ಟ ಸಿನಿಮಾ ಓಡುತ್ತಿರುವಾಗಲೇ ಮೂವರು ಹಾಸ್ಯಗಾರರು ಉದ್ದಕ್ಕೂ ಅದರ ಕಾಲೆಳೆಯುವ ವಿಡಿಯೊ ಒಂದಿದೆ. ನಾನು ದುಡ್ಡು ಕೊಟ್ಟು ಕೊಂಡದ್ದು ಅದನ್ನು. “ನಿಮ್ಮ ತಮ್ಮಂದಿರು ಬಂದಾಗ ಇದೇ ಕೆಲಸ ಪುಕ್ಕಟೆ ಮಾಡ್ತಾರಲ್ಲ” ಎಂದಳು ನನ್ನ ಹೆಂಡತಿ. ಮಾಡುತ್ತಾರೆ, ಆದರೆ ಮಳೆಗಾಲದಲ್ಲಿ ಅವರು ನಮ್ಮ ಕೊಡಗಿನ ಮಾದಾಪುರದ ಕಡೆ ತಲೆ ಹಾಕುವುದಿಲ್ಲ.

ಆ ಮೂವರು ಮೈಕ್ ನೆಲ್ಸನ್, ಕೆವಿನ್ ಮರ್ಫಿ, ಬಿಲ್ ಕಾರ್ಬೆಟ್. ಈ ಕಸುಬಿನಲ್ಲಿ ಪಳಗಿದವರು. 1988ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಕಡೆಯ ಒಂದು ಸಣ್ಣ ಟಿವಿ ಚಾನೆಲ್‌ನಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಕಾರ್ಯಕ್ರಮ ಶುರುವಾಯಿತು. ಪರದೆಯ ಕೆಳತುದಿಯಲ್ಲಿ ಒಬ್ಬ ಮನುಷ್ಯ, ಎರಡು ರೋಬಾಟ್ ಗೊಂಬೆಗಳ ನೆರಳು ಕೂತುಕೊಂಡು ಹಳೆಯ ಸಿನಿಮಾಗಳನ್ನು ಗೇಲಿ ಮಾಡುವುದು, ಅಷ್ಟೇ ಅದರ ಬಂಡವಾಳ. ಅದು 1999ಕ್ಕೆ ನಿಂತಿತು. ಅದರಲ್ಲಿದ್ದ ಈ ಮೂವರು 2006ರಲ್ಲಿ ಶುರುವಾದ, ಇಂಥ ಗೇಲಿಯನ್ನೇ ಮಾರುವ ರಿಫ್‌ಟ್ರ್ಯಾಕ್ಸ್ ಎಂಬ ಕಂಪನಿಯಲ್ಲಿ ಮತ್ತೆ ಒಂದಾದರು. ಗೊಂಬೆಗಳು ಹೋದವು, ಬಾಯಿಗಳು ಉಳಿದವು. ಕೇಳುವವರಿಗೆ ಬಾಯಿಗೆ ಬಂದದ್ದು ಹೇಳಿದ ಹಾಗಿರುತ್ತದೆ. ಆದರೆ ಎಲ್ಲವೂ ಮೊದಲೇ ಬರೆದಿಟ್ಟುಕೊಂಡ ಮಾತು. ಪಾತ್ರಗಳ ಸಂಭಾಷಣೆಯ ಸಂದಿಯಲ್ಲಿ ಸರಿಯಾಗಿ ಕೂರುವಷ್ಟೇ ಉದ್ದ. ಆ ಶಿಸ್ತು ಎರಡನೇ ಸಲ ನೋಡುವಾಗ ಕಾಣುತ್ತದೆ.

‘ಮಯಾಮಿ ಕನೆಕ್ಷನ್’ ಸಿನಿಮಾದ ಈ ಗೇಲಿ ಅವರು 2015ರ ಅಕ್ಟೋಬರ್‌ನಲ್ಲಿ ಜನರೆದುರು ಮಾಡಿದ ಪ್ರದರ್ಶನ. ಅಮೆರಿಕದ ನೂರಾರು ಥಿಯೇಟರ್‌ಗಳಿಗೆ ಅದು ನೇರಪ್ರಸಾರವಾಗಿತ್ತು. ನನ್ನ ಹತ್ತಿರ ಇರುವುದು ಅದರ ರೆಕಾರ್ಡಿಂಗ್, ಪ್ರೇಕ್ಷಕರ ನಗು ಸಮೇತ. ಇಳಿಸಿಕೊಂಡ ಫೈಲ್ ನಮ್ಮದೇ ಆಗಿ ಉಳಿಯುತ್ತದೆ ಎನ್ನುವುದೇ ನನ್ನನ್ನು ಒಪ್ಪಿಸಿದ್ದು. ಬೆಂಗಳೂರಿನವರಿಗೆ ಇದು ದೊಡ್ಡ ಮಾತಲ್ಲ. ಜುಲೈ ತಿಂಗಳಲ್ಲಿ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ನಮಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಆಗ ತಿಂಗಳ ಚಂದಾ ಕಟ್ಟಿದ ಆ್ಯಪ್‌ಗಳೆಲ್ಲ ಬರೀ ಚಿತ್ರಪಟ. ಪೆನ್‌ಡ್ರೈವ್ ಒಂದೇ ಗಟ್ಟಿ.

ನಮ್ಮಲ್ಲಿ ಇದಕ್ಕೆ ಒಂದು ಕ್ರಮವೇ ಆಗಿಬಿಟ್ಟಿದೆ. ಸಂಜೆ ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ ಕಿತ್ತು ಇನ್‌ವರ್ಟರ್ ಅನ್ನು ಟಿವಿಗೆ ಮಾತ್ರ ಮೀಸಲಿಡುವುದು. ಹಜಾರದ ನಡುವೆ ಅಗ್ಗಿಷ್ಟಿಕೆ. ಅದರ ಸುತ್ತ ಕುರ್ಚಿಯ ಬೆನ್ನಿಗೆಲ್ಲ ಒಣಗದ ಬಟ್ಟೆ, ಹಾಗಾಗಿ ಪರದೆ ಯಾರಿಗೂ ಪೂರ್ತಿ ಕಾಣುವುದಿಲ್ಲ. ಮೇ ತಿಂಗಳಲ್ಲೇ ಮಣ್ಣು ಹಚ್ಚಿ ಎತ್ತಿಟ್ಟ ಹಲಸಿನ ಬೀಜವನ್ನು ಕೆಂಡದ ಅಂಚಿಗೆ ತಳ್ಳಿ, ಸಿಪ್ಪೆ ಸಿಡಿಯುವ ಹೊತ್ತಿಗೆ ಬೆಲ್ಲದ ಕಾಫಿ ಸೋಸುವುದು. ಹಾಲು ಹಾಕುವ ಹಾಗಿಲ್ಲ, ಅದು ನನ್ನ ಹಟ. ಕಾಫಿ ಲೋಟ ಎಲ್ಲರ ಕೈಗೆ ಬಂದ ಮೇಲೆ ಪ್ಲೇ ಒತ್ತುವುದು. ಅಷ್ಟು ಹೊತ್ತಿಗೆ ಛತ್ರಿ ಕೊಡವುತ್ತಾ ಪಕ್ಕದ ತೋಟದ ಸುಬೇದಾರರು ಬರುತ್ತಾರೆ. ಸೈನ್ಯದಿಂದ ನಿವೃತ್ತರಾದವರು, ನಾವು ಕರೆಯುವುದು ಮಾವ ಎಂದೇ.

ಸಿನಿಮಾದ ಕಥೆ ಎರಡು ಸಾಲಿನದು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಐವರು ಗೆಳೆಯರು, ಎಲ್ಲರೂ ಅನಾಥರು. ವಯಸ್ಸು ನೋಡಿದರೆ ಮೇಷ್ಟರಾಗಬೇಕಾದವರು, ಇನ್ನೂ ಕಾಲೇಜು ಓದುತ್ತಿದ್ದಾರೆ. ಒಂದೇ ಮನೆಯಲ್ಲಿ ವಾಸ, ಹಗಲು ಟೇಕ್ವಾಂಡೊ ಎಂಬ ಕೊರಿಯನ್ ಕಾದಾಟದ ಕಲೆ, ರಾತ್ರಿ ‘ಡ್ರ್ಯಾಗನ್ ಸೌಂಡ್’ ಎಂಬ ಬ್ಯಾಂಡಿನಲ್ಲಿ ಹಾಡು. ಅವರ ವಿರುದ್ಧ ಕೊಕೇನ್ ಮಾರುವ, ಬೈಕ್ ಮೇಲೆ ಓಡಾಡುವ ನಿಂಜಾಗಳು. ಬ್ಯಾಂಡಿನವರು ನಿಂಜಾಗಳ ವಿರುದ್ಧವೇ ಒಂದು ಹಾಡು ಕಟ್ಟಿ ಹಾಡುತ್ತಾರೆ. ಹಾಸ್ಯಗಾರರಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೇನು ಬೇಕು?

ಮೊದಲ ಸಲ ಮಾವ ನಗಲೇ ಇಲ್ಲ. ಅವರಿಗೆ ಇಂಗ್ಲಿಷ್ ಬರುತ್ತದೆ, ಆದರೆ ಈ ಮೂವರು ಮಾತಾಡುವ ಓಟಕ್ಕೆ ನನಗೇ ಅರ್ಧ ಜಾರಿಹೋಗುತ್ತದೆ. ಅವರು ನೋಡುತ್ತಿದ್ದುದು ಹೊಡೆದಾಟವನ್ನು. “ಹಾಡಹಗಲು ಕರಿ ಬಟ್ಟೆ ಹಾಕ್ಕೊಂಡು ಬೈಕಲ್ಲಿ ಶಬ್ದ ಮಾಡ್ತಾ ಹೋಗೋನು ಅದೆಂಥ ನಿಂಜಾ? ಇವನಿಗೆ ಸೆಂಟ್ರಿ ಡ್ಯೂಟಿ ಕೊಟ್ರೆ ಕ್ಯಾಂಪ್ ಮುಳುಗಿಹೋಯ್ತು” ಎಂದರು ಸೀರಿಯಸ್ಸಾಗಿ. ಆಮೇಲೆ ತಡೆಯಲೇ ಆಗಲಿಲ್ಲ. ಪುತ್ತರಿ ಸುಗ್ಗಿಹಬ್ಬಕ್ಕೆ ಊರಿನ ಬಯಲಾದ ಮಂದ್‌ನಲ್ಲಿ ಆಡುವ ಪರಿಯ ಕಳಿ ಎಂಬ ಕಾದಾಟದ ಆಟದಲ್ಲಿ ಬೆತ್ತದ ಏಟು ಮೊಣಕಾಲಿನ ಕೆಳಗೇ ಬೀಳಬೇಕು, ಅದು ನಿಯಮ. “ಇವರಲ್ಲಿ ಒಬ್ಬನಾದ್ರೂ ಕೆಳಗೆ ನೋಡ್ತಾನಾ? ನಮ್ಮ ಹುಡುಗರು ನಾಲ್ಕು ಜನ ಬೆತ್ತ ಹಿಡ್ಕೊಂಡು ಹೋದ್ರೆ ಅರ್ಧ ಗಂಟೇಲಿ ಸಿನಿಮಾ ಮುಗೀತದೆ.” ಕೊನೆಗೆ ಕಾಡಿನಲ್ಲಿ ರಕ್ತದ ಕೋಡಿ ಹರಿದು, ಹಿಂಸೆ ನಿರ್ಮೂಲವಾದರೆ ಮಾತ್ರ ಲೋಕಕ್ಕೆ ಶಾಂತಿ ಎಂಬ ಅರ್ಥದ ಬರಹ ತೆರೆಯ ಮೇಲೆ ಬರುತ್ತದೆ. ಮಾವ ಅದನ್ನು ನಿಧಾನಕ್ಕೆ ಓದಿ, “ಎಲ್ಲರನ್ನೂ ಕೊಂದಾದ ಮೇಲೆ ಶಾಂತಿ ಇರದೆ ಇನ್ನೇನಿರ್ತದೆ ಮಾರಾಯ” ಎಂದರು.

ನಾನು ಕೊಂಡ ವಸ್ತುವಿನ ನಿಜವಾದ ಲಾಭ ಇದು. ಪೆಟ್ಟಿಗೆಯ ಮೇಲೆ ಬರೆಯುವಂಥದ್ದಲ್ಲ. ಈ ಮೂವರ ಜೋಕಿಗೆ ನಗುವುದಕ್ಕಿಂತ ಅವರಿಂದ ಧೈರ್ಯ ಪಡೆದು ಮನೆಯವರೆಲ್ಲ ಬಾಯಿ ಬಿಡುತ್ತಾರೆ. ನಮ್ಮ ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬಾರದು. ಐವರು ಗಂಡಸರಿರುವ ಆ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಎಂಬ ಅವರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಇನ್ನು ದೂರು. ಧ್ವನಿಯದ್ದು. ಸಿನಿಮಾದ ಸದ್ದು, ಜೋಕು, ಪ್ರೇಕ್ಷಕರ ನಗು ಮೂರೂ ಒಂದೇ ಟ್ರ್ಯಾಕಿನಲ್ಲಿ ಬೆರೆತು ಬರುತ್ತವೆ. ಪೇಟೆಯ ಕಾಂಕ್ರೀಟ್ ಮನೆಯಲ್ಲಿ ಇದು ತೊಂದರೆಯೇ ಅಲ್ಲ. ನಮ್ಮದು ಮುಂದೆ ಹಂಚು, ಹಿಂದೆ ಜಿಂಕ್ ಶೀಟು. ಮಳೆ ಹೊಡೆಯಲು ಶುರುವಾದರೆ ಮರ್ಫಿಯ ಗಡಸು ದನಿ ಮಾತ್ರ ಆಚೆ ಬರುತ್ತದೆ, ಉಳಿದಿಬ್ಬರು ಕೊಚ್ಚಿಕೊಂಡು ಹೋಗುತ್ತಾರೆ. ಇಯರ್‌ಫೋನ್ ಹಾಕಿಕೊಳ್ಳಿ ಎನ್ನುತ್ತಾನೆ ಮಗ, ಮೈಸೂರಿನಲ್ಲಿ ಕೂತು. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಲ ಬೆಟ್ಟಗಳು ಜರಿದದ್ದನ್ನು ಕಂಡವರು ಮಳೆಗಾಲದ ರಾತ್ರಿ ಕಿವಿ ಮುಚ್ಚಿಕೊಂಡು ಕೂರುವುದಿಲ್ಲ. ಹೊಳೆಯ ಸದ್ದು ಬದಲಾದರೆ ಗೊತ್ತಾಗಬೇಕು. ಹಾಗಾಗಿ ನಮ್ಮ ಪದ್ಧತಿ ಎಂದರೆ ಮಳೆ ಜೋರಾದಾಗ ನಿಲ್ಲಿಸುವುದು, ಹೊರಗೆ ಟಾರ್ಚ್ ಬಿಟ್ಟು ನೋಡಿ ಬರುವುದು, ಕಡಿಮೆಯಾದಾಗ ಮತ್ತೆ ಹಾಕುವುದು. ಒಂದೂವರೆ ಗಂಟೆ ಚಿಲ್ಲರೆಯ ಕಾರ್ಯಕ್ರಮ ಊಟ ದಾಟಿ ಮಲಗುವ ಹೊತ್ತಿನವರೆಗೂ ಎಳೆಯುತ್ತದೆ.

ಇದಕ್ಕೆ ಅವರ ಹಳೆಯ ಪದ್ಧತಿಯೇ ಮೇಲೇನೋ ಅನಿಸುತ್ತದೆ. ಶುರುವಿನ ವರ್ಷಗಳಲ್ಲಿ ರಿಫ್‌ಟ್ರ್ಯಾಕ್ಸ್ ಮಾರುತ್ತಿದ್ದುದು ಬರೀ ಆಡಿಯೊ. ದೊಡ್ಡ ಸಿನಿಮಾಗಳ ಹಕ್ಕು ಕೊಳ್ಳುವುದು ದುಬಾರಿ, ಹಾಗಾಗಿ ಡಿವಿಡಿ ನೀವೇ ತನ್ನಿ, ನಮ್ಮ ಎಂಪಿ3 ಜೊತೆಗೆ ಹಾಕಿಕೊಳ್ಳಿ ಎನ್ನುವ ಉಪಾಯ. ಅದರಲ್ಲಿ ಜೋಕಿನ ಸದ್ದು ಬೇಕಾದಷ್ಟು ಏರಿಸಬಹುದು. ಆದರೆ ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದರೆ ಟಿವಿ ನಿಂತು ಫೋನ್ ಮುಂದೋಡುತ್ತದೆ, ಹೊಂದಿಸಿ ಕೂರಿಸುವಷ್ಟರಲ್ಲಿ ತಾಳ್ಮೆ ಹೋಗಿರುತ್ತದೆ. ನಮ್ಮೂರಿಗೆ ಎರಡೂ ಪೂರ್ತಿ ಹೊಂದುವುದಿಲ್ಲ.

ಎರಡನೆಯ ಮಳೆಗಾಲದ ಹೊತ್ತಿಗೆ ಇನ್ನೊಂದು ಬೇಸರ ಶುರುವಾಯಿತು. ಜೋಕುಗಳಲ್ಲಿ ಸುಮಾರು ಪಾಲು ಅಮೆರಿಕದ ಟಿವಿ, ಜಾಹೀರಾತು, ಅಲ್ಲಿನ ಅಂಗಡಿಗಳ ಮೇಲೆ. ಥಿಯೇಟರ್ ಇಡೀ ಗೊಳ್ಳೆನ್ನುತ್ತದೆ, ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಅದು ಅವರ ತಪ್ಪಲ್ಲ, ನಮ್ಮ ನಾಟಕದ ಹಾಸ್ಯ ಅವರಿಗೆ ಕೇಳಿಸಿದರೂ ಇದೇ ಗತಿ. ಆದರೆ ದುಡ್ಡು ಕೊಟ್ಟವನಿಗೆ ಇಷ್ಟು ಹೇಳುವ ಹಕ್ಕಿದೆ. ತಿಳಿದ ಜೋಕು ಸವೆಯುತ್ತದೆ, ತಿಳಿಯದ ಜೋಕು ಚುಚ್ಚುತ್ತಲೇ ಇರುತ್ತದೆ.

ಜಿಮ್ ಎಂಬ ಹುಡುಗನ ದೃಶ್ಯದಲ್ಲಂತೂ ಮಾವನಿಗೆ ಸಿಟ್ಟೇ ಬಂತು. ಅನಾಥ ಎಂದುಕೊಂಡಿದ್ದ ಆ ಹುಡುಗನಿಗೆ ಕಾಣೆಯಾಗಿದ್ದ ತಂದೆಯ ಸುಳಿವು ಸಿಕ್ಕಿತೆಂದು ಕಾಗದ ಬರುತ್ತದೆ. ಅವನು ಕೂಗುತ್ತಾನೆ, ಅಳುತ್ತಾನೆ. ನಟನೆ ಎಷ್ಟು ಜೋರೆಂದರೆ ಈ ಸಿನಿಮಾ ಬಲ್ಲವರೆಲ್ಲ ಮೊದಲು ಅಣಕಿಸುವುದು ಅದನ್ನೇ. ತೆರೆಯ ಮೇಲಿನ ಮೂವರೂ ಸುಮ್ಮನಿರುವುದಿಲ್ಲ. “ಅಪ್ಪ ಸಿಕ್ಕಿದ ಅಂತ ಅಳೋನನ್ನ ಏನು ನಗೋದು, ಸೌಂಡ್ ತೆಗಿ” ಎಂದರು ಮಾವ. ಸದ್ದಿಲ್ಲದೆ ನೋಡಿದೆವು. ಗೆಳೆಯರು ದುಡ್ಡು ಕೂಡಿಸಿ ಅವನಿಗೆ ಸೂಟು ಕೊಡಿಸುವುದು, ಅವನು ಅದನ್ನು ತೊಟ್ಟು ತಂದೆಯನ್ನು ನೋಡಲು ಹೊರಡುವುದು, ದಾರಿಯಲ್ಲಿ ನಿಂಜಾಗಳು. ಕೆಟ್ಟದಾಗಿಯೇ ತೆಗೆದಿದ್ದಾರೆ. ಆದರೂ ಮಾವ ಆ ಸೂಟಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವರು ರಜೆಗೆ ಮನೆಗೆ ಬರುವಾಗ ಪ್ಲಟೂನಿನವರು ಸೇರಿ ಬೂಟು ಕೊಡಿಸಿದ್ದರಂತೆ.

ಆ ಸಿನಿಮಾ ಮಾಡಿದವರ ಕಥೆ ನಾನು ಓದಿದ್ದು ಇದಾದ ಮೇಲೆ. ವೈ. ಕೆ. ಕಿಮ್ ಕೊರಿಯಾದಿಂದ ಹೋಗಿ ಒರ್ಲ್ಯಾಂಡೊದಲ್ಲಿ ಟೇಕ್ವಾಂಡೊ ಶಾಲೆ ನಡೆಸಿದವರು. ಸಿನಿಮಾ ಗೊತ್ತಿಲ್ಲ, ನಟನೆ ಗೊತ್ತಿಲ್ಲ. ಪಾರ್ಕ್ ವೂ-ಸಾಂಗ್ ಎಂಬ ಕೊರಿಯನ್ ನಿರ್ದೇಶಕರನ್ನು ಕಟ್ಟಿಕೊಂಡು, ಕೈಯಿಂದ ದುಡ್ಡು ಹಾಕಿ, ತಮ್ಮ ಶಿಷ್ಯರನ್ನೇ ನಿಲ್ಲಿಸಿ 1987ರ ಹೊತ್ತಿಗೆ ಇದನ್ನು ಮುಗಿಸಿದರು. ವಿತರಕರು ಮುಟ್ಟಲಿಲ್ಲ. ಒರ್ಲ್ಯಾಂಡೊ ಆಸುಪಾಸಿನಲ್ಲಿ ಓಡಿ ಮುಳುಗಿತು. 2009ರಲ್ಲಿ ಆಸ್ಟಿನ್‌ನ ಒಂದು ಥಿಯೇಟರಿಗೆ ಚಿತ್ರ ಆರಿಸುವ ಜ್ಯಾಕ್ ಕಾರ್ಲ್‌ಸನ್ ಎಂಬುವರು ಇಬೇ ಎಂಬ ಮಾರಾಟದ ಜಾಲತಾಣದಲ್ಲಿ 50 ಡಾಲರಿಗೆ ಒಂದು ರೀಲು ಕೊಂಡರು, ಏನೆಂದು ಗೊತ್ತಿಲ್ಲದೆ. ಹಾಕಿ ನೋಡಿದರೆ ಜನ ಕುಣಿದರು. ಮರುಬಿಡುಗಡೆ ಮಾಡುತ್ತೇವೆ ಎಂದು ಕರೆ ಮಾಡಿದಾಗ ಕಿಮ್ ಅದನ್ನು ತಮಾಷೆಯೆಂದು ತಿಳಿದು ಫೋನ್ ಇಟ್ಟುಬಿಟ್ಟಿದ್ದರಂತೆ. 2012ರಲ್ಲಿ ಅದು ಮತ್ತೆ ತೆರೆಗೆ ಬಂತು. ಇದನ್ನು ತಿಳಿದ ಮೇಲೆ ಆ ಮೂವರ ಗೇಲಿಯೂ ಬೇರೆಯಾಗಿ ಕೇಳಿಸತೊಡಗಿತು. ಇಷ್ಟವಿಲ್ಲದ ಸಿನಿಮಾದ ಪ್ರತಿ ಫ್ರೇಮಿಗೂ ಮಾತು ಬರೆಯುತ್ತಾ ಯಾರೂ ಕೂರುವುದಿಲ್ಲ. ಲೆಕ್ಕವಿಟ್ಟು ದುಡ್ಡು ಮಾಡಲೆಂದು ತೆಗೆದ ಸಿನಿಮಾವನ್ನು ಗೇಲಿ ಮಾಡಿದರೆ ಇಷ್ಟು ನಗು ಬರುವುದೂ ಇಲ್ಲ. ಕಿಮ್ ಮನಸ್ಸಿಟ್ಟು ಒದ್ದಿದ್ದಾರೆ, ಅದಕ್ಕೇ ಅದು ಇನ್ನೂ ಓಡುತ್ತಿದೆ.

ಯಾರು ಕೊಳ್ಳಬಹುದು? ಒಬ್ಬರೇ ನೋಡುವವರಾದರೆ ಬೇಡ. ಇಂಗ್ಲಿಷ್ ಜೋಕು ಪೂರ್ತಿ ತಿಳಿಯಲೇಬೇಕು ಎನ್ನುವವರಿಗೂ ಬೇಡ. ಮನೆತುಂಬ ಬಾಯಿ ಇದ್ದರೆ, ತಲೆಯ ಮೇಲೆ ಶೀಟ್ ಇಲ್ಲದಿದ್ದರೆ, ಕೊಳ್ಳಿ. ಡಾಲರಿನಲ್ಲಿ ದುಡ್ಡು ಕಟ್ಟುವುದರಿಂದ ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಫೈಲನ್ನು ಜೂನ್‌ಗೆ ಮುಂಚೆಯೇ ಇಳಿಸಿಕೊಳ್ಳಿ. ನನ್ನಿಂದ ಐದಕ್ಕೆ ನಾಲ್ಕು. ಇವರ ಇನ್ನೊಂದು ಕಾರ್ಯಕ್ರಮ ಕೊಳ್ಳುವ ಯೋಚನೆ ಇದೆ, ಮೆಣಸಿನ ರೇಟು ನೋಡಿಕೊಂಡು. ಯುದ್ಧದ ಸಿನಿಮಾ ಆದರೆ ಅರ್ಧ ದುಡ್ಡು ತಾನು ಹಾಕುತ್ತೇನೆ ಎಂದಿದ್ದಾರೆ ಮಾವ.