ಡ್ಯೂಟಿಯಲ್ಲಿ ಪೆಟ್ಟಾದ ಲಾರಿ ಡ್ರೈವರ್‌ಗೆ ಯಾವ ಕೇಸು: ನೌಕರರ ಪರಿಹಾರವೋ, ಎಂವಿಸಿಯೋ?

ಡ್ಯೂಟಿಯಲ್ಲಿದ್ದ ಡ್ರೈವರ್‌ಗೆ ಎದುರಿನ ವಾಹನ ಗುದ್ದಿ ಕಾಲು ಮುರಿದರೆ ಎರಡು ದಾರಿಗಳಿವೆ. ತನ್ನ ಮಾಲೀಕರು ಮತ್ತು ಆ ಲಾರಿಯ ವಿಮಾ ಕಂಪನಿಯ ಮೇಲೆ ನೌಕರರ ಪರಿಹಾರ ಅರ್ಜಿ ಹಾಕಬಹುದು, ಇಲ್ಲವೇ ಎದುರಿನ ವಾಹನದವರ ಮೇಲೆ ಎಂವಿಸಿ ಕೇಸು, ಅಂದರೆ ಮೋಟಾರು ವಾಹನ ನ್ಯಾಯಮಂಡಳಿಯಲ್ಲಿ ಅಪಘಾತ ಪರಿಹಾರದ ಕೇಸು. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಹಾಗಾಗಿ ವಕಾಲತ್ತಿಗೆ ಸಹಿ ಹಾಕುವ ಮುಂಚೆಯೇ ಲೆಕ್ಕ ಹಾಕಿ ನೋಡಬೇಕು.

ವಯಸ್ಸು 30, ಸಂಬಳ 18,000, ದುಡಿಯುವ ಶಕ್ತಿಯಲ್ಲಿ 30% ನಷ್ಟ ಎಂದಿಟ್ಟುಕೊಳ್ಳಿ.

1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. ಅದರ 60% ಅಂದರೆ 9,000. 30ರ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ ಗುಣಕ (ಗುಣಿಸುವ ಸಂಖ್ಯೆ) 207.98, ಅದರಲ್ಲಿ 30%. ಬರುವುದು 5,61,546 ರೂಪಾಯಿ. ಆಸ್ಪತ್ರೆ ಬಿಲ್ಲು ಬೇರೆ ಸಿಗುತ್ತದೆ, ನೋವು-ಸಂಕಟಕ್ಕೆ ಬಿಡಿಗಾಸೂ ಇಲ್ಲ. (2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಇಲ್ಲಿನ ಲೆಕ್ಕ, ಅವಧಿ, ಬಡ್ಡಿ, ದಂಡ ಹಳೆಯ ಕಾಯ್ದೆಯವು.)

ಎಂವಿಸಿಯಲ್ಲಿ ಪೂರ್ತಿ 18,000ಕ್ಕೆ ಭವಿಷ್ಯದ ಆದಾಯವೆಂದು 40% ಸೇರಿ 25,200 ಆಗುತ್ತದೆ. ಹನ್ನೆರಡು ತಿಂಗಳು, ಗುಣಕ 17, ಅದರಲ್ಲಿ 30%: 15,42,240. ನೋವು, ಆರೈಕೆ ಮಾಡಿದವರ ಖರ್ಚು, ಮುಂದಿನ ಚಿಕಿತ್ಸೆ ಇದರ ಮೇಲೆ.

ಹಾಗಾದರೆ ಎಲ್ಲರೂ ಎಂವಿಸಿಗೇ ಹೋಗಬಹುದಲ್ಲ? ತೊಡಕಿರುವುದು ಎಫ್‌ಐಆರ್‌ನಲ್ಲಿ. 166ನೇ ಕಲಮಿನಡಿ ಎದುರಿನವರ ನಿರ್ಲಕ್ಷ್ಯ ಸಾಬೀತಾಗಬೇಕು. ಡ್ರೈವರ್ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿರುವಾಗ ಎದುರು ಪಕ್ಷದವರೇ ದೂರು ಕೊಟ್ಟು, ಚಾರ್ಜ್‌ಶೀಟು ಇವನ ಮೇಲೇ ಬಿದ್ದರೆ ಕೇಸಿನ ಬುಡವೇ ಅಲುಗಾಡುತ್ತದೆ. ಅರ್ಧ ತಪ್ಪು ಇವನದೆಂದಾದರೂ 7,71,120 ಬರುತ್ತದೆ, ಅದು ಇನ್ನೂ ಲಾಭವೇ. ಇವನ ತಪ್ಪು ಸುಮಾರು 64% ದಾಟಿದರೆ ಮಾತ್ರ ನೌಕರರ ಪರಿಹಾರ ಮೇಲು. ಲಾರಿ ತಾನೇ ಪಲ್ಟಿಯಾಗಿದ್ದರೆ, ಮರಕ್ಕೆ ಗುದ್ದಿದ್ದರೆ ಯೋಚನೆಯೇ ಬೇಡ, ನೌಕರರ ಪರಿಹಾರಕ್ಕೇ ಹೋಗಿ. ಅಲ್ಲಿ ತಪ್ಪು ಯಾರದೆಂದು ಕೇಳುವುದಿಲ್ಲ. ಕುಡಿದು ಓಡಿಸಿದ್ದರೆ ಮಾತು ಬೇರೆ.

ಇನ್ನೊಂದು ಪೆಟ್ಟು ಬೀಳುವುದು ವೈದ್ಯರ ಸಾಕ್ಷ್ಯದಲ್ಲಿ. ಕಾಲಿಗೆ 40% ಊನ ಎಂದು ಸರ್ಟಿಫಿಕೇಟ್ ತಂದರೆ ಎಂವಿಸಿ ನ್ಯಾಯಮಂಡಳಿ ಅದರ ಮೂರನೇ ಒಂದು ಭಾಗವನ್ನಷ್ಟೇ ಇಡೀ ದೇಹಕ್ಕೆ ಹಿಡಿಯುವುದು ರೂಢಿ. ಹೆವಿ ವಾಹನದ ಕ್ಲಚ್ ತುಳಿಯಲಾಗದವನಿಗೆ ಇದು ಅನ್ಯಾಯ. "ಈ ಕಾಲಿನಲ್ಲಿ ಮತ್ತೆ ಡ್ರೈವಿಂಗ್ ಸಾಧ್ಯವೇ?" ಎಂದು ವೈದ್ಯರನ್ನು ಕಟಕಟೆಯಲ್ಲೇ ಕೇಳಿಸಿ, ಉತ್ತರ ದಾಖಲಾಗುವಂತೆ ನೋಡಿಕೊಳ್ಳಬೇಕು. ಕೆಲಸಕ್ಕಾದ ನಷ್ಟವನ್ನೇ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ನೌಕರರ ಪರಿಹಾರದಲ್ಲಿ ಕೇಸು ಸೋಲುವುದು ಹೆಚ್ಚಾಗಿ ಒಂದೇ ಕಡೆ: "ಇವನು ನಮ್ಮ ಡ್ರೈವರೇ ಅಲ್ಲ" ಎಂದು ಮಾಲೀಕರು ಕೈಯೆತ್ತಿದಾಗ. ನೇಮಕ ಪತ್ರ ಯಾರೂ ಕೊಟ್ಟಿರುವುದಿಲ್ಲ. ಟ್ರಿಪ್ ಶೀಟು, ಎಲ್‌ಆರ್ (ಸರಕಿನ ಲಾರಿ ರಸೀದಿ) ಪ್ರತಿ, ಬಾಟಾ (ದಿನದ ಖರ್ಚಿನ ಹಣ) ಹಾಕಿದ ಫೋನ್‌ಪೇ ದಾಖಲೆ, ಲೋಡಿಂಗ್ ಗೇಟ್‌ಪಾಸು ಮೊದಲ ವಾರದಲ್ಲೇ ಮನೆಯವರ ಕೈ ಸೇರಬೇಕು.

ಅರ್ಜಿ ಹಾಕಲು ಅವಧಿ: ನೌಕರರ ಪರಿಹಾರಕ್ಕೆ ಎರಡು ವರ್ಷ, ಎಂವಿಸಿಗೆ ಕಾಯ್ದೆಯಲ್ಲಿ ಆರು ತಿಂಗಳು. ಮಾಲೀಕರು ಡ್ರೈವರ್ ಹೆಸರಿನಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ನೌಕರರ ಪರಿಹಾರದ ದಾರಿಯೇ ಇಲ್ಲ.

ನೌಕರರ ಪರಿಹಾರ ಕೊಡಲು ತಡಮಾಡಿದ ಮಾಲೀಕರಿಗೆ 12% ಬಡ್ಡಿಯ ಜೊತೆ 50%ವರೆಗೆ ದಂಡ ಬೀಳಬಹುದು. ಬಡ್ಡಿಯನ್ನು ವಿಮಾ ಕಂಪನಿ ಕಟ್ಟುತ್ತದೆ, ದಂಡವನ್ನಲ್ಲ. ಅರ್ಜಿಯಲ್ಲಿ ದಂಡವನ್ನು ಮಾಲೀಕರ ಹೆಸರಿಗೇ ಬೇರೆಯಾಗಿ ಕೇಳಿ.