ಬೆಂಗಳೂರು–ಶಿವಮೊಗ್ಗ ವಿಮಾನ: ಎರಡು ವರ್ಷ ಓಡಾಡಿದ ಮೇಲೆ

ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದದ್ದು 2023ರ ಆಗಸ್ಟ್ 31ರಂದು. ಆ ವರ್ಷದ ದೀಪಾವಳಿಗೆ ನಾನೂ ಹತ್ತಿದೆ. ಆಮೇಲೆ ವಿನೋಬನಗರದಲ್ಲಿರುವ ಅಮ್ಮನನ್ನು ನೋಡಲು ಎರಡು ತಿಂಗಳಿಗೊಮ್ಮೆಯಾದರೂ ಹೋಗಿಬಂದಿದ್ದೇನೆ.

ಒಂದು ಗಂಟೆಯಲ್ಲಿ ಊರು ಸೇರಬಹುದು ಎಂದುಕೊಂಡವರಿಗೆ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 240 ಕಿ.ಮೀ. ನಾನು ಹೋಗಿಬರುವ ಎಟಿಆರ್ 72 ಎಂಬ ಪ್ರೊಪೆಲ್ಲರ್‌ನ ಚಿಕ್ಕ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರಬಲ್ಲದು. ಹಾಗಾದರೆ ಅರ್ಧ ಗಂಟೆ ಸಾಕಲ್ಲ ಎನಿಸುತ್ತದೆ. ಆದರೆ ಇಷ್ಟು ಹತ್ತಿರದ ಹಾರಾಟದಲ್ಲಿ ವಿಮಾನ ಪೂರ್ತಿ ವೇಗದಲ್ಲಿರುವ ಹೊತ್ತೇ ಕಡಿಮೆ. ಏರಿ ಮುಗಿಯಿತು ಎನ್ನುವಷ್ಟರಲ್ಲಿ ಇಳಿಯಲು ಶುರುವಾಗುತ್ತದೆ. ದೇವನಹಳ್ಳಿಯಲ್ಲಿ ರನ್‌ವೇ ಸರದಿಗೆ ಕಾಯುವುದೂ ಸೇರಿ, ಟಿಕೆಟ್‌ನಲ್ಲಿ ಕಾಣುವ ಸಮಯ ಒಂದು ಗಂಟೆ ದಾಟುತ್ತದೆ.

ನಿಜವಾಗಿ ಎಣಿಸಬೇಕಾದದ್ದು ಮನೆಯಿಂದ ಮನೆಗೆ. ಮೊದಲ ವರ್ಷ ನಾನು ವಿಜಯನಗರದಲ್ಲಿದ್ದೆ. ನಿಲ್ದಾಣ ತಲುಪಲು ಎರಡು ಗಂಟೆ, ಅಲ್ಲಿ ಒಂದೂವರೆ ಗಂಟೆ, ಹಾರಾಟ, ಸೋಗಾನೆಯಿಂದ ಮನೆಗೆ ಮತ್ತೆ ಅರ್ಧ ಗಂಟೆ. ಒಟ್ಟು ಐದು ಗಂಟೆಯ ಮೇಲೆ. ಯಶವಂತಪುರದಲ್ಲಿ ಜನಶತಾಬ್ದಿ ರೈಲು ಹತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಖರ್ಚು ಮಾತ್ರ ಎಷ್ಟೋ ಕಡಿಮೆ. ಯಲಹಂಕಕ್ಕೆ ಮನೆ ಬದಲಿಸಿದ ಮೇಲೆ ಅದೇ ಪ್ರಯಾಣ ಮೂರೂವರೆ ಗಂಟೆಗೆ ಇಳಿಯಿತು. ಆದ್ದರಿಂದ ಕೆಂಗೇರಿ, ಜಯನಗರದ ಕಡೆಯವರಿಗೆ ರೈಲೇ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ. ದೆಹಲಿಯಿಂದಲೋ ದುಬೈನಿಂದಲೋ ಬಂದು ದೇವನಹಳ್ಳಿಯಲ್ಲೇ ವಿಮಾನ ಬದಲಿಸುವ ಮಲೆನಾಡಿನವರ ಮಾತು ಬೇರೆ. ಅವರಿಗೆ ಬೆಂಗಳೂರಿನ ಟ್ರಾಫಿಕ್ಕೇ ತಪ್ಪುತ್ತದೆ, ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ಕಳೆದ ಜುಲೈನಲ್ಲಿ ಶಿವಮೊಗ್ಗದ ಮೇಲೆ ಎರಡು ಸುತ್ತು ಹಾಕಿದೆವು. ಕಿಟಕಿಯಾಚೆ ಬರೀ ಬಿಳುಪು. ಕೆಳಗೆ ರನ್‌ವೇ ಕಾಣಿಸುತ್ತಿಲ್ಲ ಎಂದು ಪೈಲಟ್ ಹೇಳಿದರು, ವಿಮಾನ ಬೆಂಗಳೂರಿಗೇ ಮರಳಿತು. ಆ ನಿರ್ಧಾರದ ಬಗ್ಗೆ ನನಗೆ ಗೌರವವೇ ಇದೆ. ಬೇಸರವಾದದ್ದು ಆಮೇಲೆ. ಹಣ ವಾಪಸೋ ನಾಳೆಯ ವಿಮಾನವೋ ಎಂದು ತಿಳಿಯಲು ಕೌಂಟರ್ ಮುಂದೆ ಎರಡು ಗಂಟೆ ನಿಲ್ಲಬೇಕಾಯಿತು. ವಯಸ್ಸಾದವರೂ ನಿಂತೇ ಇದ್ದರು, ಒಬ್ಬರೂ ಕುರ್ಚಿ ತಂದುಕೊಡಲಿಲ್ಲ. ನಾನು ರಾತ್ರಿ ಬಸ್ಸಿಗೆ ಹೊರಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ದಿನದ ಮದುವೆ, ಕೋರ್ಟು, ಸಂದರ್ಶನಗಳಿಗೆ ಈ ವಿಮಾನವನ್ನು ನೆಚ್ಚಿಕೊಳ್ಳಬೇಡಿ.

ಇಷ್ಟಾದರೂ ನಾನು ಬಿಟ್ಟಿಲ್ಲ, ಅಮ್ಮನ ಮಂಡಿಯ ಕಾರಣಕ್ಕೆ. ರೈಲಿನ ಎತ್ತರದ ಮೆಟ್ಟಿಲು, ಪ್ಲಾಟ್‌ಫಾರ್ಮ್ ಸೇತುವೆ ಅವರಿಂದ ಆಗುವುದಿಲ್ಲ. ಸೋಗಾನೆಯ ನಿಲ್ದಾಣ ಚಿಕ್ಕದು, ನಡೆಯುವುದು ಕಡಿಮೆ. ಎಟಿಆರ್‌ಗೆ ಹತ್ತುವುದು ಹಿಂದಿನ ಬಾಗಿಲಿನಿಂದ. ಅದಕ್ಕೇ ಅಮ್ಮನಿಗೆ ಯಾವಾಗಲೂ ಹಿಂದಿನ ಸಾಲಿನ ಕಿಟಕಿ ಸೀಟು ಕೇಳುತ್ತೇನೆ. ರೆಕ್ಕೆ ಮೇಲ್ಭಾಗದಲ್ಲಿರುವುದರಿಂದ ಕೆಳಗಿನ ನೆಲ ಮರೆಯಾಗುವುದಿಲ್ಲ. ಹೋದ ಸಲ ಇಳಿಯುವಾಗ ಅಡಿಕೆ ತೋಟಗಳು ಕಂಡದ್ದೇ, ಗಾಜಿಗೆ ಬೆರಳು ಒತ್ತಿ, “ಅಗೋ, ಆ ಕೆರೆ ಏರಿ ಮೇಲೆ ನಿಮ್ಮ ಅಪ್ಪ ಸೈಕಲ್ಲಿನಲ್ಲಿ ಬರುತ್ತಿದ್ದರು” ಎಂದರು. ಅದೇ ಕೆರೆಯೋ ಅಲ್ಲವೋ, ನಾನು ಕೇಳಲಿಲ್ಲ.